ವಿಶೇಷ ಕಾನೂನುಗಳು ಮತ್ತು ಜಾಮೀನು: ಒಂದು ಐತಿಹಾಸಿಕ ನೋಟ



ನಮ್ಮ ಕೋರ್ಟು ಕಚೇರಿಗಳಲ್ಲಿ ದಿನನಿತ್ಯ ಬಳಕೆಯಾಗುವ ಕೆಲವು ಮಾತುಗಳನ್ನು ಗಮನಿಸಿ. ವಕೀಲ, ಫಿರ್ಯಾದಿ, ಕೈದಿ, ತನಿಖೆ, ಜಪ್ತಿ, ಮುಚ್ಚಳಿಕೆ, ಜಾಮೀನು. ಇವೆಲ್ಲ ಅರಬ್ಬಿ, ಪಾರ್ಸಿ, ತುರ್ಕಿ ಮೂಲಗಳಿಂದ ಬಂದು ಕನ್ನಡದ ಮನೆಮಾತುಗಳಾಗಿ ನೆಲೆನಿಂತ ಪದಗಳು. ಉರ್ದುವಿನಲ್ಲಿ ‘ಜಾಮಿನ್’ ಎಂದರೆ ಇನ್ನೊಬ್ಬನ ಹೊಣೆಯನ್ನು ತನ್ನ ಮೇಲೆ ಹೊತ್ತುಕೊಳ್ಳುವ ಮನುಷ್ಯ. ಅವನು ಕೊಡುವ ಭರವಸೆಯೇ ‘ಜಮಾನತ್’. ಕನ್ನಡದಲ್ಲಿ ಎರಡೂ ಸೇರಿ ‘ಜಾಮೀನು’ ಎಂಬ ಒಂದೇ ಪದವಾಗಿದೆ. ಪದದ ಮೂಲಾರ್ಥವನ್ನು ನೋಡಿದರೆ, ಜಾಮೀನು ಎಂದರೆ ಬಿಡುಗಡೆಯೂ ಅಲ್ಲ, ಕ್ಷಮೆಯೂ ಅಲ್ಲ. “ಕರೆದ ದಿನ ಈತ ನ್ಯಾಯಾಲಯಕ್ಕೆ ಬರುತ್ತಾನೆ, ಅದಕ್ಕೆ ನಾನು ಹೊಣೆ” ಎಂಬ ಮಾತು, ಅಷ್ಟೇ.

ಆದರೆ ಇಂದು ಪತ್ರಿಕೆಯಲ್ಲಿ “ಆರೋಪಿಗೆ ಜಾಮೀನು” ಎಂಬ ಸುದ್ದಿ ಬಂದರೆ ಅನೇಕರು “ಆತ ಪಾರಾದ” ಎಂದುಕೊಳ್ಳುತ್ತಾರೆ. “ಜಾಮೀನು ನಿರಾಕರಣೆ” ಎಂದು ಬಂದರೆ “ಹಾಗಾದರೆ ತಪ್ಪು ಮಾಡಿರಲೇಬೇಕು” ಎಂದು ತೀರ್ಮಾನಿಸುತ್ತಾರೆ. ಈ ಎರಡೂ ತಪ್ಪು ತಿಳುವಳಿಕೆಗಳು. ಇವು ಜನರ ಮನಸ್ಸಿನಲ್ಲಿ ಹೇಗೆ ಬೇರೂರಿದವು ಎಂಬುದನ್ನು ಅರಿಯಬೇಕಾದರೆ ಸಂಘಟಿತ ಅಪರಾಧ ಮತ್ತು ಭಯೋತ್ಪಾದನೆಯ ವಿರುದ್ಧ ನಮ್ಮ ದೇಶದಲ್ಲಿ ಬಂದ ವಿಶೇಷ ಕಾನೂನುಗಳ ಇತಿಹಾಸವನ್ನು ತಿಳಿಯಬೇಕು.

ಸಾಮಾನ್ಯ ಕಾನೂನಿನಲ್ಲಿ ಜಾಮೀನು

ನಮ್ಮ ಅಪರಾಧ ಪ್ರಕ್ರಿಯಾ ಸಂಹಿತೆ ಮೊದಲು ಬಂದದ್ದು 1861ರಲ್ಲಿ, ಬ್ರಿಟಿಷರ ಕಾಲದಲ್ಲಿ. ಅದು 1882 ಮತ್ತು 1898ರಲ್ಲಿ ಪರಿಷ್ಕರಣೆಯಾಗಿ, ಸ್ವತಂತ್ರ ಭಾರತದಲ್ಲಿ 1973ರ ಸಂಹಿತೆಯಾಗಿ ರೂಪುಗೊಂಡಿತು. ಈ ಸಾಮಾನ್ಯ ಕಾನೂನಿನಲ್ಲಿ ಜಾಮೀನು ಅರ್ಜಿ ಬಂದಾಗ ನ್ಯಾಯಾಧೀಶರು ಮುಖ್ಯವಾಗಿ ಮೂರು ಪ್ರಶ್ನೆ ಕೇಳಿಕೊಳ್ಳುತ್ತಾರೆ. ಹೊರಗೆ ಬಿಟ್ಟರೆ ಆರೋಪಿ ಓಡಿಹೋಗುತ್ತಾನೆಯೇ? ಸಾಕ್ಷಿಗಳನ್ನು ಹೆದರಿಸುತ್ತಾನೆಯೇ? ಮತ್ತೆ ಅಪರಾಧ ಮಾಡುತ್ತಾನೆಯೇ? ಆರೋಪ ಎಷ್ಟು ಗಂಭೀರ ಎಂಬುದನ್ನೂ ನೋಡುತ್ತಾರೆ. ಆದರೆ ಆತ ನಿರಪರಾಧಿ ಎಂದು ಆ ಹಂತದಲ್ಲೇ ತೋರಿಸಿಕೊಡು ಎಂದು ಕೇಳುವುದಿಲ್ಲ. ಅದು ವಿಚಾರಣೆಯ ಕೆಲಸ.

ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು 1977ರಲ್ಲಿ ರಾಜಸ್ಥಾನದ ಒಂದು ಪ್ರಕರಣದಲ್ಲಿ ಜಾಮೀನೇ ನಿಯಮ, ಜೈಲು ಅದಕ್ಕೆ ಅಪವಾದ ಎಂಬ ತತ್ವವನ್ನು ಸ್ಪಷ್ಟಪಡಿಸಿದರು. ಮರುವರ್ಷ, 1978ರಲ್ಲಿ, ಮಧ್ಯಪ್ರದೇಶದ ಒಬ್ಬ ಬಡ ಗಾರೆ ಕೆಲಸದವನ ಪ್ರಕರಣ ಅವರ ಮುಂದೆ ಬಂತು. ಅವನಿಗೆ ಜಾಮೀನು ಸಿಕ್ಕಿತ್ತು, ಆದರೆ ಕೆಳ ನ್ಯಾಯಾಲಯ 10,000 ರೂಪಾಯಿಯ ಭದ್ರತೆ ಕೇಳಿತ್ತು. ಅವನ ಸಹೋದರ ಹೊಣೆ ನಿಲ್ಲಲು ಮುಂದೆ ಬಂದರೂ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಒಪ್ಪಿರಲಿಲ್ಲ. ಬಡವನಿಗೆ ಎಟುಕದ ಜಾಮೀನು ಜಾಮೀನೇ ಅಲ್ಲ ಎಂಬ ಅರ್ಥದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿ, ಆ ಮೊತ್ತವನ್ನು ಇಳಿಸಿತು. 1979ರಲ್ಲಿ ಬಿಹಾರದ ವಿಚಾರಣಾಧೀನ ಕೈದಿಗಳ ಪ್ರಕರಣದಲ್ಲಿ, ಶೀಘ್ರ ವಿಚಾರಣೆಯು ಸಂವಿಧಾನದ 21ನೇ ವಿಧಿಯಡಿ ಮೂಲಭೂತ ಹಕ್ಕು ಎಂದು ಅದೇ ನ್ಯಾಯಾಲಯ ಸಾರಿತು.

ಎರಡು ಷರತ್ತುಗಳು ಬಂದ ಬಗೆ

ಇದಕ್ಕೆ ಸಮಾನಾಂತರವಾಗಿ ಇನ್ನೊಂದು ಇತಿಹಾಸವೂ ನಡೆದಿತ್ತು. 1971ರ ಯುದ್ಧಕಾಲದ ಭಾರತ ರಕ್ಷಣಾ ನಿಯಮಗಳಲ್ಲಿ 184ನೇ ನಿಯಮವೆಂದು ಒಂದಿತ್ತು. ಸರ್ಕಾರಿ ವಕೀಲರು ಜಾಮೀನನ್ನು ವಿರೋಧಿಸಿದರೆ, ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಸಮಂಜಸ ಕಾರಣಗಳಿವೆ ಎಂಬುದು ನ್ಯಾಯಾಲಯಕ್ಕೆ ಮನವರಿಕೆಯಾಗಬೇಕು, ಇಲ್ಲವಾದರೆ ಜಾಮೀನಿಲ್ಲ ಎಂಬುದು ಅದರ ತಿರುಳು. ಯುದ್ಧ ಮುಗಿಯಿತು, ಆದರೆ ಆ ವಾಕ್ಯ ಉಳಿಯಿತು. ಅದು 1986ರ ಉತ್ತರ ಪ್ರದೇಶ ಗ್ಯಾಂಗ್‌ಸ್ಟರ್ ಕಾಯ್ದೆಯಲ್ಲಿ ಕಾಣಿಸಿಕೊಂಡಿತು. 1987ರ ಟಾಡಾ ಕಾಯ್ದೆಯಲ್ಲಿಯೂ ಬಂತು. ಜೊತೆಗೆ, ಜಾಮೀನಿನ ಮೇಲೆ ಇರುವಾಗ ಆತ ಯಾವುದೇ ಅಪರಾಧ ಮಾಡುವ ಸಂಭವವಿಲ್ಲ ಎಂಬುದೂ ನ್ಯಾಯಾಲಯಕ್ಕೆ ಖಾತ್ರಿಯಾಗಬೇಕು. ಇವನ್ನೇ ವಕೀಲರು ‘ಅವಳಿ ಷರತ್ತುಗಳು’ ಎನ್ನುತ್ತಾರೆ.

ವಿದ್ಯಾರ್ಥಿ ಮಿತ್ರರೇ, ಈ ಷರತ್ತಿನ ತೂಕವನ್ನು ನಿಮಗೆ ಶಾಲೆಯ ಮಾತಿನಲ್ಲೇ ಹೇಳುತ್ತೇನೆ. ಪರೀಕ್ಷೆ ಇನ್ನೂ ನಡೆದಿಲ್ಲ. ಪ್ರಶ್ನೆಪತ್ರಿಕೆ ನಿಮ್ಮ ಕೈಗೆ ಬಂದಿಲ್ಲ. ಆದರೆ “ನೀನು ತೇರ್ಗಡೆಯಾಗುತ್ತೀಯೆಂದು ಈಗಲೇ ತೋರಿಸು, ಆಮೇಲೆ ಕೊಠಡಿಯಿಂದ ಹೊರಗೆ ಬಿಡುತ್ತೇವೆ” ಎಂದರೆ ಹೇಗೆ? ಜಾಮೀನಿನ ಹಂತದಲ್ಲಿ ನ್ಯಾಯಾಧೀಶರ ಮುಂದೆ ಮುಖ್ಯವಾಗಿ ಇರುವುದು ಪೊಲೀಸರು ಸಲ್ಲಿಸಿದ ಕಾಗದಗಳು. ಸಾಕ್ಷಿಗಳು ಇನ್ನೂ ಕಟಕಟೆ ಹತ್ತಿಲ್ಲ, ಅವರ ಪಾಟಿ ಸವಾಲು ನಡೆದಿಲ್ಲ. ಎದುರು ಪಕ್ಷದ ಕಾಗದಗಳಿಂದಲೇ ತನ್ನ ನಿರಪರಾಧಿತ್ವ ಕಾಣಿಸುವಂತೆ ಮಾಡಬೇಕಾದ ಕಷ್ಟ ಆರೋಪಿಯದು.

1994ರ ಮಾರ್ಚ್‌ನಲ್ಲಿ ಕರ್ತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಟಾಡಾದ ಈ ಜಾಮೀನು ನಿಬಂಧನೆಯನ್ನು ಎತ್ತಿಹಿಡಿಯಿತು. ಆದರೆ ಅಷ್ಟರಲ್ಲಿ ಟಾಡಾ ಅಡಿ ಬಂಧಿತರಾದವರ ಸಂಖ್ಯೆ ದೇಶದಾದ್ಯಂತ 70,000 ಮೀರಿತ್ತು. ಶಿಕ್ಷೆಯಾದವರ ಪ್ರಮಾಣ ಮಾತ್ರ ಅತ್ಯಲ್ಪ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷರಾಗಿದ್ದ ನ್ಯಾಯಮೂರ್ತಿ ರಂಗನಾಥ ಮಿಶ್ರಾ ಅವರು 1995ರ ಫೆಬ್ರವರಿಯಲ್ಲಿ ಸಂಸದರಿಗೆ ಪತ್ರ ಬರೆದು, ಈ ಕಾಯ್ದೆಯನ್ನು ಮುಂದುವರಿಸಬೇಡಿ ಎಂದು ಕೇಳಿಕೊಂಡರು. 1995ರ ಮೇ ತಿಂಗಳಲ್ಲಿ ಟಾಡಾದ ಅವಧಿ ಮುಗಿಯಿತು. ಆದರೆ ಅದರಡಿ ಅದಾಗಲೇ ದಾಖಲಾಗಿದ್ದ ಮೊಕದ್ದಮೆಗಳು ಮುಗಿಯಲಿಲ್ಲ.

ಆಗ ಶಾಹೀನ್ ವೆಲ್‌ಫೇರ್ ಅಸೋಸಿಯೇಷನ್ ಎಂಬ ಸಂಘವೊಂದು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. ಅದರ ಅರ್ಜಿಯ ಮೇಲೆ 1996ರಲ್ಲಿ ಬಂದ ತೀರ್ಪು ಬಹಳ ಮಹತ್ವದ್ದು. ಎಲ್ಲ ಆರೋಪಿಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂದು ನ್ಯಾಯಾಲಯ ಅವರನ್ನು ನಾಲ್ಕು ವರ್ಗ ಮಾಡಿತು. ಹೊರಬಂದರೆ ಸಮಾಜಕ್ಕೆ ಅಪಾಯವೆನಿಸುವವರು ಮೊದಲ ವರ್ಗ. ಅವರಿಗೆ ರಿಯಾಯಿತಿ ಇಲ್ಲ. ನೇರ ಕೃತ್ಯದ ಆರೋಪವಿರುವವರಿಗೆ 5 ವರ್ಷ, ಒಳಸಂಚು ಮುಂತಾದ ಕಲಮುಗಳ ಬಲದಿಂದ ಮಾತ್ರ ಸೇರಿಸಲ್ಪಟ್ಟವರಿಗೆ 3 ವರ್ಷ, ಆಯುಧ ಇತ್ಯಾದಿ ಇಟ್ಟುಕೊಂಡ ಆರೋಪ ಮಾತ್ರ ಇರುವವರಿಗೆ 2 ವರ್ಷ. ಇಷ್ಟು ಕಾಲ ಜೈಲಿನಲ್ಲಿ ಕಳೆದಿದ್ದು, ಮುಂದಿನ 6 ತಿಂಗಳಲ್ಲಿ ವಿಚಾರಣೆ ಮುಗಿಯುವಂತಿಲ್ಲದಿದ್ದರೆ ಜಾಮೀನು ಕೊಡಬಹುದೆಂದಿತು. ಕಾನೂನು “ತಪ್ಪಿತಸ್ಥನೋ ಅಲ್ಲವೋ” ಎಂದು ಕೇಳುತ್ತಿದ್ದ ಜಾಗದಲ್ಲಿ ನ್ಯಾಯಾಲಯ “ಎಷ್ಟು ಕಾಲವಾಯಿತು” ಎಂಬ ಪ್ರಶ್ನೆಯನ್ನು ತಂದು ಇಟ್ಟಿತು.

ಮೈಸೂರಿನ ಟಾಡಾ ನ್ಯಾಯಾಲಯ

ಈ ಇತಿಹಾಸದ ಒಂದು ಮುಖ್ಯ ಅಧ್ಯಾಯ ನಮ್ಮ ಕರ್ನಾಟಕದಲ್ಲೇ ನಡೆಯಿತು. ಆನೆದಂತ ಮತ್ತು ಗಂಧದ ಕಳ್ಳಸಾಗಣೆಯ ವೀರಪ್ಪನ್ ತಂಡ 1992ರ ಆಗಸ್ಟ್ 14ರಂದು ಮೀಣ್ಯಂ ಬಳಿ ಹೊಂಚುಹಾಕಿ ಎಸ್‌ಪಿ ಹರಿಕೃಷ್ಣ ಮತ್ತು ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಅವರನ್ನು ಇತರ ಪೊಲೀಸರೊಂದಿಗೆ ಕೊಂದಿತು. 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿ ನೆಲಬಾಂಬು ಸ್ಫೋಟಿಸಿ 20ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಆ ಬಳಿಕ ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಹಳ್ಳಿಗಳಿಂದ ನೂರಾರು ಜನರನ್ನು ಟಾಡಾ ಅಡಿ ಬಂಧಿಸಲಾಯಿತು. 1996ರ ತೀರ್ಪಿನ ನಂತರವೂ ಅನೇಕರು ಮೈಸೂರಿನ ಜೈಲಿನಲ್ಲೇ ಉಳಿದರು.

2000ದ ಜುಲೈ 30ರಂದು ವೀರಪ್ಪನ್ ಡಾ. ರಾಜ್‌ಕುಮಾರ್ ಅವರನ್ನು ಗಾಜನೂರಿನಿಂದ ಅಪಹರಿಸಿದ. ಟಾಡಾ ಬಂದಿಗಳ ಬಿಡುಗಡೆಯೂ ಅವನ ಬೇಡಿಕೆಗಳಲ್ಲಿ ಒಂದಾಗಿತ್ತು. ಆರೋಪಿಗಳಿಗೆ ಜಾಮೀನು ಸಿಗುವಂತಾಗಲಿ ಎಂದು ಅವರ ಮೇಲಿನ ಟಾಡಾ ಆರೋಪಗಳನ್ನು ಹಿಂತೆಗೆದುಕೊಳ್ಳಲು ಸರ್ಕಾರ ಮುಂದಾಯಿತು. ಮೈಸೂರಿನ ವಿಶೇಷ ನ್ಯಾಯಾಲಯ ಆಗಸ್ಟ್‌ನಲ್ಲಿ ಅದಕ್ಕೆ ಅನುಮತಿ ಕೊಟ್ಟಿತು. ಆಗ ಹುತಾತ್ಮ ಶಕೀಲ್ ಅಹ್ಮದ್ ಅವರ ತಂದೆ ಅಬ್ದುಲ್ ಕರೀಂ ಅವರು ಸುಪ್ರೀಂ ಕೋರ್ಟಿಗೆ ಹೋದರು. ಇಡೀ ನಾಡು ರಾಜ್‌ಕುಮಾರ್ ಅವರ ಬಿಡುಗಡೆಗೆ ಹರಕೆ ಹೊತ್ತಿದ್ದ ದಿನಗಳವು. ಅಂಥ ಹೊತ್ತಿನಲ್ಲಿ ಒಬ್ಬ ತಂದೆ ಸರ್ಕಾರದ ತೀರ್ಮಾನವನ್ನು ಪ್ರಶ್ನಿಸುವುದು ಸುಲಭದ ಮಾತಲ್ಲ. ಸುಪ್ರೀಂ ಕೋರ್ಟ್ ಮೊದಲು ತಡೆಯಾಜ್ಞೆ ಕೊಟ್ಟು, 2000ದ ನವೆಂಬರ್ 7ರಂದು ಆ ಅನುಮತಿಯನ್ನೇ ರದ್ದುಮಾಡಿತು. ಸರ್ಕಾರ ಕೇಳಿತೆಂಬ ಒಂದೇ ಕಾರಣಕ್ಕೆ ಮೊಕದ್ದಮೆ ಹಿಂತೆಗೆಯಲು ಬಿಡಬಾರದು, ಅದರಲ್ಲಿ ಸಾರ್ವಜನಿಕ ಹಿತ ಇದೆಯೇ ಎಂದು ನ್ಯಾಯಾಧೀಶರು ಸ್ವತಂತ್ರವಾಗಿ ಪರಿಶೀಲಿಸಬೇಕು ಎಂಬುದು ಆ ತೀರ್ಪಿನ ಸಾರ. ಒಂದು ವಾರದ ಬಳಿಕ, 108 ದಿನಗಳ ವನವಾಸ ಮುಗಿಸಿ ರಾಜ್‌ಕುಮಾರ್ ಕ್ಷೇಮವಾಗಿ ಹಿಂದಿರುಗಿದರು.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. 2001ರಲ್ಲಿ ಮೈಸೂರಿನ ಟಾಡಾ ನ್ಯಾಯಾಲಯದ ತೀರ್ಪು ಬಂದಾಗ ಕೆಲವರಿಗೆ ಮಾತ್ರ ಶಿಕ್ಷೆಯಾಯಿತು. ನೂರಕ್ಕೂ ಹೆಚ್ಚು ಮಂದಿ ನಿರ್ದೋಷಿಗಳೆಂದು ಬಿಡುಗಡೆಯಾದರು. ಅವರಲ್ಲಿ ಅನೇಕರು ಸುಮಾರು 8 ವರ್ಷ ಜೈಲಿನಲ್ಲಿ ಕಳೆದಿದ್ದರು.

ಓದುಗರೇ, ಇಲ್ಲಿ ಒಂದು ಕ್ಷಣ ನಿಂತು ಯೋಚಿಸಿ. ಅಬ್ದುಲ್ ಕರೀಂ ಅವರ ನೋವು ನಿಜ. ಹೆದರಿಕೆಗೆ ಮಣಿದು ಜಾಮೀನಿನ ದಾರಿ ಮಾಡಿಕೊಡಬಾರದೆಂಬ ಅವರ ವಾದ ನ್ಯಾಯವಾದದ್ದು. ಹಾಗೆಯೇ ಆ ನೂರಕ್ಕೂ ಹೆಚ್ಚು ಹಳ್ಳಿಗರ ಕಳೆದುಹೋದ ವರ್ಷಗಳೂ ನಿಜ. ಇವರು ಒಬ್ಬರಿಗೊಬ್ಬರು ಶತ್ರುಗಳಲ್ಲ. 1993ರಲ್ಲಿ ಬಂಧಿಸಿದವರ ವಿಚಾರಣೆ ಎರಡು ಮೂರು ವರ್ಷಗಳಲ್ಲಿ ಮುಗಿದಿದ್ದರೆ, 2000ದಲ್ಲಿ ವೀರಪ್ಪನ್‌ಗೆ ಕೇಳಲು ವಿಚಾರಣಾಧೀನ ಬಂದಿಗಳೇ ಇರುತ್ತಿರಲಿಲ್ಲ. ತಪ್ಪಿತಸ್ಥರು ಶಿಕ್ಷೆ ಅನುಭವಿಸುತ್ತಿದ್ದರು, ಉಳಿದವರು ತಮ್ಮ ಮನೆಗಳಲ್ಲಿ ಇರುತ್ತಿದ್ದರು. ವಿಳಂಬವು ಇಬ್ಬರಿಗೂ ಅನ್ಯಾಯ ಮಾಡಿತು.

ಮಕೋಕಾ ಮತ್ತು ನಮ್ಮ ಕೋಕಾ

ಟಾಡಾ ಹೋದ ಮೇಲೆ ಮುಂಬಯಿಯ ಭೂಗತ ಗುಂಪುಗಳ ಸುಲಿಗೆ, ಸುಪಾರಿ ಕೊಲೆಗಳನ್ನು ಹತ್ತಿಕ್ಕಲು ಮಹಾರಾಷ್ಟ್ರ ಸರ್ಕಾರ 1999ರಲ್ಲಿ ಮಕೋಕಾ, ಅಂದರೆ ಮಹಾರಾಷ್ಟ್ರ ಸಂಘಟಿತ ಅಪರಾಧ ನಿಯಂತ್ರಣ ಕಾಯ್ದೆಯನ್ನು ತಂದಿತು. 2002ರಲ್ಲಿ ಅದು ದೆಹಲಿಗೂ ವಿಸ್ತರಿಸಿತು. ಅದೇ ಮಾದರಿಯಲ್ಲಿ ಕರ್ನಾಟಕದಲ್ಲಿ 2000ದ ಸಂಘಟಿತ ಅಪರಾಧಗಳ ನಿಯಂತ್ರಣ ಕಾಯ್ದೆ ಬಂತು. ಪತ್ರಿಕೆಗಳಲ್ಲಿ ‘ಕೋಕಾ’ ಎಂದು ಓದುತ್ತೇವಲ್ಲ, ಅದು ಇದೇ.

ಮಕೋಕಾ ಹಾಕಬೇಕಾದರೆ ಹಿಂದಿನ 10 ವರ್ಷಗಳಲ್ಲಿ ಆ ಗುಂಪಿನ ವಿರುದ್ಧ ಒಂದಕ್ಕಿಂತ ಹೆಚ್ಚು ಆರೋಪಪಟ್ಟಿ ಸಲ್ಲಿಕೆಯಾಗಿರಬೇಕು, ಹಿರಿಯ ಪೊಲೀಸ್ ಅಧಿಕಾರಿಯ ಪೂರ್ವಾನುಮತಿ ಇರಬೇಕು. ಹಾಕಿದ ಮೇಲೆ ಬಿಗಿ ಹೆಚ್ಚು. ನಿರೀಕ್ಷಣಾ ಜಾಮೀನು ಇಲ್ಲ. ಆರೋಪಪಟ್ಟಿ ಸಲ್ಲಿಸಲು 90 ದಿನಗಳ ಬದಲು 180 ದಿನಗಳವರೆಗೆ ಕಾಲಾವಕಾಶ ಪಡೆಯಬಹುದು. ಎಸ್‌ಪಿ ದರ್ಜೆಯ ಅಥವಾ ಮೇಲಿನ ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನೂ ಸಾಕ್ಷ್ಯವಾಗಿ ಪರಿಗಣಿಸಬಹುದು. ಜಾಮೀನಿಗೆ ಅದೇ ಅವಳಿ ಷರತ್ತುಗಳು. ಇನ್ನೊಂದು ಯಾವುದೇ ಪ್ರಕರಣದಲ್ಲಿ ಆತ ಆಗಲೇ ಜಾಮೀನಿನ ಮೇಲಿದ್ದರೆ ಮಕೋಕಾದಲ್ಲಿ ಜಾಮೀನೇ ಇಲ್ಲ ಎಂದೂ ಬರೆದಿತ್ತು. “ಬೇರೆ ಯಾವುದೇ ಕಾಯ್ದೆಯಡಿ” ಎಂಬ ಆ ಮಾತು ಸಮಾನತೆಯ ಹಕ್ಕಿಗೆ ವಿರುದ್ಧವೆಂದು ಬಾಂಬೆ ಹೈಕೋರ್ಟ್ 2003ರಲ್ಲಿ ತೆಗೆದುಹಾಕಿತು. 2008ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು.

ಮಕೋಕಾದ ಜಾಮೀನು ಕಲಮನ್ನು ಹೇಗೆ ಓದಬೇಕೆಂದು ಹೇಳಿದ ಪ್ರಮುಖ ತೀರ್ಪಿಗೂ ನಮ್ಮ ನಾಡಿಗೂ ನಂಟಿದೆ. ಬೆಳಗಾವಿ ಜಿಲ್ಲೆಯ ಖಾನಾಪುರದ ತೆಲಗಿಯ ನಕಲಿ ಛಾಪಾ ಕಾಗದದ ಹಗರಣ ನಿಮಗೆ ಗೊತ್ತೇ ಇದೆ. ಆ ಪ್ರಕರಣದಲ್ಲಿ ಮುಂಬಯಿ ಪೊಲೀಸ್ ಆಯುಕ್ತರಾಗಿದ್ದ ಆರ್.ಎಸ್. ಶರ್ಮಾ ಅವರೇ 2003ರ ಡಿಸೆಂಬರ್‌ನಲ್ಲಿ, ನಿವೃತ್ತರಾದ ಬೆನ್ನಲ್ಲೇ, ಮಕೋಕಾ ಅಡಿ ಬಂಧಿತರಾದರು. ಬಂಧಿಸುವ ಕುರ್ಚಿಯಲ್ಲಿ ಕುಳಿತಿದ್ದವರು ಅದೇ ಕಾನೂನಿನಡಿ ಜಾಮೀನು ಕೇಳಬೇಕಾಯಿತು. 2005ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅವರಿಗೆ ಜಾಮೀನು ನೀಡಿತು. ಆ ಪೀಠದಲ್ಲಿದ್ದವರಲ್ಲಿ ಒಬ್ಬರು ಮುಂದೆ ನಮ್ಮ ಲೋಕಾಯುಕ್ತರಾದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ. ಷರತ್ತುಗಳನ್ನು ಅತಿಗೆ ಎಳೆಯಬಾರದು, ಆರೋಪಿ ನಿರಪರಾಧಿಯೆಂದು ಖಚಿತವಾಗಿ ತೀರ್ಮಾನಿಸಬೇಕಾಗಿಲ್ಲ, ಇರುವ ಸಾಮಗ್ರಿಯನ್ನು ನೋಡಿ ಕೊನೆಗೆ ಶಿಕ್ಷೆಯಾಗುವ ಸಂಭವವಿದೆಯೇ ಎಂದು ತಾತ್ಕಾಲಿಕವಾಗಿ ಅಂದಾಜಿಸಿದರೆ ಸಾಕು ಎಂಬುದು ಆ ತೀರ್ಪಿನ ಆಶಯ. ಶರ್ಮಾ ಅವರನ್ನು 2007ರಲ್ಲಿ ಪ್ರಕರಣದಿಂದಲೇ ಕೈಬಿಡಲಾಯಿತು. ಆ ತೀರ್ಪನ್ನು ನಂತರ ದೇಶದ ಅನೇಕ ನ್ಯಾಯಾಲಯಗಳು ಆಧಾರವಾಗಿ ಉಲ್ಲೇಖಿಸಿವೆ.

ಒಂದೇ ಊರು, ಎರಡು ಮೊಕದ್ದಮೆ

ಮಹಾರಾಷ್ಟ್ರದ ಮಾಲೆಗಾಂವ್ ಮಗ್ಗಗಳ ಊರು. 2006ರ ಸೆಪ್ಟೆಂಬರ್ 8ರಂದು, ಶಬೇ ಬರಾತ್ ದಿನದ ಶುಕ್ರವಾರ, ಅಲ್ಲಿ ನಡೆದ ಸ್ಫೋಟಗಳಲ್ಲಿ 30ಕ್ಕೂ ಹೆಚ್ಚು ಜನ ಸತ್ತರು. ಒಂಬತ್ತು ಮುಸ್ಲಿಂ ಪುರುಷರನ್ನು ಮಕೋಕಾ ಅಡಿ ಆರೋಪಿಗಳನ್ನಾಗಿ ಮಾಡಲಾಯಿತು. ತನಿಖೆ ರಾಷ್ಟ್ರೀಯ ತನಿಖಾ ಸಂಸ್ಥೆಯ ಕೈಗೆ ಹೋಗಿ, ಅದು ಜಾಮೀನನ್ನು ವಿರೋಧಿಸದಿದ್ದಾಗ, 2011ರ ನವೆಂಬರ್‌ನಲ್ಲಿ ಅವರಿಗೆ ಜಾಮೀನು ದೊರಕಿತು. 2016ರ ಏಪ್ರಿಲ್‌ನಲ್ಲಿ ವಿಶೇಷ ನ್ಯಾಯಾಲಯ ಅವರನ್ನು ಆರೋಪದಿಂದ ಮುಕ್ತಗೊಳಿಸಿತು. ಅಷ್ಟರಲ್ಲಿ ಅವರಲ್ಲೊಬ್ಬರು ತೀರಿಕೊಂಡಿದ್ದರು.

ಅದೇ ಊರಿನಲ್ಲಿ 2008ರ ಸೆಪ್ಟೆಂಬರ್ 29ರಂದು ಮತ್ತೊಂದು ಸ್ಫೋಟವಾಗಿ ಆರು ಮಂದಿ ಸತ್ತರು. ಈ ಬಾರಿ ಬಂಧಿತರಾದವರು ಹಿಂದೂಗಳು. ಅವರ ಮೇಲೂ ಮಕೋಕಾ. 2009ರಲ್ಲಿ ವಿಶೇಷ ನ್ಯಾಯಾಲಯ ಮಕೋಕಾ ಅನ್ವಯಿಸದು ಎಂದಿತು, 2010ರಲ್ಲಿ ಹೈಕೋರ್ಟ್ ಅನ್ವಯಿಸುತ್ತದೆ ಎಂದಿತು. ಬಹುತೇಕ ಆರೋಪಿಗಳ ವಿಷಯದಲ್ಲಿ ಅದು ಅನ್ವಯಿಸುವುದೇ ಸಂಶಯಾಸ್ಪದ, ಜಾಮೀನು ಅರ್ಜಿಗಳನ್ನು ಹೊಸದಾಗಿ ನೋಡಿ ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪ್ರಮುಖ ಆರೋಪಿಗಳಿಬ್ಬರಿಗೆ ಜಾಮೀನು ಸಿಕ್ಕಿದ್ದು 2017ರಲ್ಲಿ. 2025ರ ಜುಲೈ 31ರಂದು ವಿಶೇಷ ನ್ಯಾಯಾಲಯ ಏಳೂ ಮಂದಿಯನ್ನು ಬಿಡುಗಡೆ ಮಾಡಿತು.

ಈ ಎರಡು ಮೊಕದ್ದಮೆಗಳ ಬಗ್ಗೆ ನಮ್ಮ ನಮ್ಮ ಅಭಿಪ್ರಾಯಗಳು ಬೇರೆ ಬೇರೆ ಇರಬಹುದು. ಮೊದಲನೆಯದರ ಆರೋಪಿಗಳಿಗಾಗಿ ಮರುಗಿದವರು ಎರಡನೆಯದರ ಆರೋಪಿಗಳಿಗಾಗಿ ಮರುಗದೆ ಇರಬಹುದು, ಅತ್ತ ಕಡೆಯವರೂ ಹಾಗೆಯೇ. ಆದರೆ ಕಾನೂನಿನ ವಿದ್ಯಾರ್ಥಿ ಎರಡನ್ನೂ ಒಂದೇ ಕಣ್ಣಿನಿಂದ ನೋಡಬೇಕು. ಮಾಲೆಗಾಂವ್‌ನಲ್ಲಿ ಸತ್ತವರ ಮನೆಯವರ ಸ್ಥಿತಿಯನ್ನೂ ನೋಡಬೇಕು. 2025ರ ಜುಲೈವರೆಗೆ ಈ ಎರಡರಲ್ಲಿ ಯಾವ ಪ್ರಕರಣದಲ್ಲೂ ಒಬ್ಬರಿಗೂ ಶಿಕ್ಷೆಯಾಗಿರಲಿಲ್ಲ. ವರ್ಷಗಟ್ಟಲೆ ಜಾಮೀನು ನಿರಾಕರಿಸಿದ್ದು ಅವರಿಗೆ ನ್ಯಾಯ ತಂದುಕೊಡಲಿಲ್ಲ.

ಕಾಲದ ಲೆಕ್ಕ

1996ರಲ್ಲಿ ಸುಪ್ರೀಂ ಕೋರ್ಟ್ ಕೇಳಿದ “ಎಷ್ಟು ಕಾಲವಾಯಿತು” ಎಂಬ ಪ್ರಶ್ನೆ 2021ರ ಫೆಬ್ರವರಿ 1ರಂದು ಮತ್ತೆ ಕೇಳಿಬಂತು. ಅದು ಕೇರಳದಲ್ಲಿ ಒಬ್ಬ ಪ್ರಾಧ್ಯಾಪಕರ ಕೈ ಕಡಿದ ಘೋರ ಪ್ರಕರಣ. ಭಯೋತ್ಪಾದನಾ ವಿರೋಧಿ ಕಾನೂನಾದ ಯುಎಪಿಎಯಲ್ಲಿಯೂ ಜಾಮೀನಿಗೆ ಇಂಥದೇ ತಡೆಗೋಡೆ ಇದೆ. ಆ ಪ್ರಕರಣದ ಆರೋಪಿಯೊಬ್ಬ 5 ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದ, 276 ಸಾಕ್ಷಿಗಳ ವಿಚಾರಣೆ ಬಾಕಿಯಿತ್ತು. ಶಾಸನದ ನಿರ್ಬಂಧ ಎಷ್ಟೇ ಕಠಿಣವಿದ್ದರೂ, ವಿಚಾರಣೆ ಅತಿಯಾಗಿ ತಡವಾದಾಗ ಮೂಲಭೂತ ಹಕ್ಕನ್ನು ಕಾಪಾಡಲು ಜಾಮೀನು ಕೊಡುವ ಅಧಿಕಾರ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟುಗಳಿಗೆ ಇದ್ದೇ ಇದೆ ಎಂದು ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿತು.

ನಮ್ಮಲ್ಲಿಯೂ ಇದು ಅನ್ವಯವಾಯಿತು. ಪತ್ರಕರ್ತೆ ಗೌರಿ ಲಂಕೇಶ್ ಅವರ ಹತ್ಯೆ 2017ರ ಸೆಪ್ಟೆಂಬರ್ 5ರಂದು ನಡೆಯಿತು. ಒಬ್ಬ ಆರೋಪಿಯ ಮೇಲಿನ ಕೋಕಾ ಆರೋಪವನ್ನು ಹೈಕೋರ್ಟ್ ರದ್ದುಮಾಡಿದಾಗ, ಗೌರಿಯವರ ತಂಗಿ ಕವಿತಾ ಲಂಕೇಶ್ ಹೋರಾಡಿ 2021ರಲ್ಲಿ ಸುಪ್ರೀಂ ಕೋರ್ಟಿನಿಂದ ಅದನ್ನು ಮತ್ತೆ ಊರ್ಜಿತಗೊಳಿಸಿಕೊಂಡರು. ಆದರೆ 2023ರ ಡಿಸೆಂಬರ್‌ನಲ್ಲಿ, ವಿಚಾರಣೆ ತಡವಾಗಿದೆ, ಆತ 5 ವರ್ಷಕ್ಕೂ ಮೀರಿ ಜೈಲಿನಲ್ಲಿದ್ದಾನೆ ಎಂಬ ಕಾರಣಕ್ಕೆ ಕರ್ನಾಟಕ ಹೈಕೋರ್ಟ್ ಅದೇ ಆರೋಪಿಗೆ ಜಾಮೀನು ನೀಡಿತು. 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದರಲ್ಲಿ ಮಧ್ಯಪ್ರವೇಶಿಸಲಿಲ್ಲ. ನಮಗೆ ಇಷ್ಟವಾಗಲಿ ಬಿಡಲಿ, ತತ್ವ ಒಂದೇ.

ಆದರೆ ಎಲ್ಲ ಪೀಠಗಳೂ ಒಂದೇ ಅಳತೆಗೋಲನ್ನು ಬಳಸಿಲ್ಲ ಎಂಬುದನ್ನೂ ಹೇಳಬೇಕು. 2024ರ ಫೆಬ್ರವರಿಯಲ್ಲಿ ಪಂಜಾಬಿನ ಒಂದು ಯುಎಪಿಎ ಪ್ರಕರಣದಲ್ಲಿ 5 ವರ್ಷ ಕಳೆದಿದ್ದರೂ ಸುಪ್ರೀಂ ಕೋರ್ಟ್ ಜಾಮೀನು ನಿರಾಕರಿಸಿತು. ಆದ್ದರಿಂದ ಆರೋಪಿಯ ಪಾಲಿಗೆ ಕಾಲದ ಲೆಕ್ಕವು ಇನ್ನೂ ಖಚಿತವಾದ ಹಕ್ಕಾಗಿಲ್ಲ.

ನಾವು ತಿಳಿದಿರಬೇಕಾದದ್ದು

2024ರ ಜುಲೈ 1ರಿಂದ ಹೊಸ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. ಅದರ 111ನೇ ಕಲಮಿನಲ್ಲಿ ಸಂಘಟಿತ ಅಪರಾಧ ಸಾಮಾನ್ಯ ದಂಡಸಂಹಿತೆಯ ಭಾಗವಾಗಿದೆ. ಅಲ್ಲಿ ಅವಳಿ ಷರತ್ತುಗಳನ್ನು ಬರೆದಿಲ್ಲ. ವಿಶೇಷ ಕಾಯ್ದೆಗಳು ಮಾತ್ರ ತಮ್ಮ ಷರತ್ತುಗಳೊಂದಿಗೆ ಹಾಗೆಯೇ ಉಳಿದಿವೆ.

ಇದರಿಂದ ನಾವು ಕಲಿಯಬೇಕಾದ ಕೆಲವು ವಿಷಯಗಳಿವೆ. ಸಂವಿಧಾನದ 22ನೇ ವಿಧಿಯಂತೆ ಬಂಧಿತನಿಗೆ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ನಿಗದಿತ ದಿನಗಳೊಳಗೆ ಆರೋಪಪಟ್ಟಿ ಸಲ್ಲಿಕೆಯಾಗದಿದ್ದರೆ ಜಾಮೀನು ಕೇಳುವುದು ಹಕ್ಕು. ವಿಶೇಷ ಕಾನೂನುಗಳಲ್ಲೂ ಈ ಹಕ್ಕಿದೆ. ಆದರೆ ಆರೋಪಪಟ್ಟಿ ಬರುವ ಮೊದಲೇ ಅರ್ಜಿ ಹಾಕಿರಬೇಕು ಎಂದು 1994ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಒಂದು ದಿನ ತಡವಾದರೂ ಆ ಹಕ್ಕು ಕೈತಪ್ಪುತ್ತದೆ. ವಕೀಲರಿಗೆ ಕೊಡಲು ಹಣವಿಲ್ಲವೆಂದು ಯಾರೂ ಕೈಚೆಲ್ಲಿ ಕೂರಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ, ಬಂಧನದಲ್ಲಿರುವ ವ್ಯಕ್ತಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಯಲ್ಲಿ ಅರ್ಜಿ ಕೊಡಬಹುದು.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಹೆಚ್ಚಿನವರು ಇಂಜಿನಿಯರಿಂಗ್, ವೈದ್ಯಕೀಯದ ಕನಸು ಕಾಣುತ್ತಿದ್ದೀರಿ, ಅದು ಸಂತೋಷ. ಆದರೆ ಕೆಲವರಾದರೂ ಕಾನೂನು ಓದಿ. ಪ್ರತಿವಾದಿ ವಕೀಲರಾಗಿ ಮಾತ್ರವಲ್ಲ, ಸರ್ಕಾರಿ ವಕೀಲರಾಗಿ, ನ್ಯಾಯಾಧೀಶರಾಗಿ, ಶಕೀಲ್ ಅಹ್ಮದ್ ಅವರಂತೆ ಪೊಲೀಸ್ ಅಧಿಕಾರಿಗಳಾಗಿಯೂ ನಿಲ್ಲಿ. ಮೊಕದ್ದಮೆ ಬೇಗ ಮುಗಿಯಬೇಕಾದರೆ ಈ ಎಲ್ಲ ಕುರ್ಚಿಗಳಲ್ಲೂ ಕೆಲಸ ಬಲ್ಲವರು ಬೇಕು. ತಪ್ಪು ಮಾಡಿದವನಿಗೆ ಬೇಗ ಶಿಕ್ಷೆಯಾಗಬೇಕು, ಮಾಡದವನು ಬೇಗ ಮನೆ ಸೇರಬೇಕು. ಜಾಮೀನಿನ ಮೇಲಿನ ಎಲ್ಲ ವಾದಗಳ ಹಿಂದೆ ಇರುವ ಬೇಡಿಕೆ ಇದೊಂದೇ.